ಬೆನ್ನುಮೂಳೆಗೆ ಸೆಂಟ್ರಿಂಗ್

ನಾನು ಸರ್ಜನ್ ಅಲ್ಲ, ಆಪರೇಷನ್ ಥಿಯೇಟರ್ (ಓಟಿ) ಟೆಕ್ನಿಷಿಯನ್. ಬೆನ್ನುಮೂಳೆ ಫ್ಯೂಷನ್, ಅಂದರೆ ಎರಡು ಮೂಳೆ ಸೇರಿಸಿ ಒಂದಾಗಿಸುವ ಆಪರೇಷನ್‌ನಲ್ಲಿ ಸ್ಕ್ರೂ, ರಾಡ್ ಎತ್ತಿಕೊಡುವುದು ನನ್ನ ಕೆಲಸ. ಮೊದಮೊದಲು ಇದೆಲ್ಲ ಟೈಟಾನಿಯಂ ಮಹಿಮೆ ಅಂದುಕೊಂಡಿದ್ದೆ. ಪಕ್ಕದ ಬಟ್ಟಲಲ್ಲಿದ್ದ ಮೂಳೆ ಚೂರುಗಳ ಕಡೆ ಗಮನವೇ ಇರಲಿಲ್ಲ.

ಒಂದು ಕೇಸ್ ಹೇಳುತ್ತೇನೆ. ಹೊಲದಲ್ಲಿ ದುಡಿಯುತ್ತಿದ್ದ ಅಜ್ಜಿ. ಸೊಂಟದ ನಾಲ್ಕನೇ ಮೂಳೆ ಐದನೆಯದರ ಮೇಲೆ ಮುಂದಕ್ಕೆ ಜಾರಿತ್ತು. ಸ್ವಲ್ಪ ನಡೆದರೆ ಕಾಲು ಜೋಮು, ಕೂತರೆ ಆರಾಮ. ಮೂಳೆಯ ಹಿಂಭಾಗದಿಂದ ಒಳಕ್ಕೆ ಇಳಿಸುವ ನಾಲ್ಕು ಪೆಡಿಕಲ್ ಸ್ಕ್ರೂ, ಎರಡು ರಾಡ್, ಎರಡು ಮೂಳೆ ನಡುವಿನ ಮೆತ್ತೆ (ಡಿಸ್ಕ್) ಇದ್ದ ಜಾಗಕ್ಕೆ ಒಂದು ಕೇಜ್, ಅಂದರೆ ಟೊಳ್ಳು ಪೆಟ್ಟಿಗೆಯಂಥದ್ದು, ಅಂತ ತೀರ್ಮಾನವಾಯಿತು.

ಸೊಂಟಕ್ಕೆ ಹೆಚ್ಚಾಗಿ 5.5ರಿಂದ 7.5 ಮಿಲಿಮೀಟರ್ ದಪ್ಪದ ಸ್ಕ್ರೂ ಸಾಕು. ಸ್ಕ್ಯಾನ್ ನೋಡಿ ಅಳತೆ ಮೊದಲೇ ಗೊತ್ತಿರುತ್ತದೆ. ಆದರೂ ಒಂದು ಸೈಜ್ ದೊಡ್ಡದು, ಒಂದು ಚಿಕ್ಕದು ಟ್ರೇಯಲ್ಲಿ ಇರಲೇಬೇಕು. ಸರ್ಜನ್ ಸರ್ ‘6.5, 45’ (ದಪ್ಪ, ಉದ್ದ, ಮಿಲಿಮೀಟರ್‌ನಲ್ಲಿ) ಅಂದರೆ ಸ್ಕ್ರೂ ಮೇಲಿನ ಅಂಕಿ ಗಟ್ಟಿಯಾಗಿ ಓದಿಯೇ ಕೊಡುತ್ತೇನೆ. ಸೈಜ್ ಗುರುತಿಗೆ ಇರುವ ಬಣ್ಣ ನಂಬುವುದಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಬಣ್ಣ.

ಸ್ಕ್ರೂ ಇಳಿಸುವ ಮುಂಚೆ, ತುದಿಯಲ್ಲಿ ಸಣ್ಣ ಗುಂಡು ಇರುವ ಫೀಲರ್ ಅನ್ನು ತೂತಿಗೆ ಬಿಟ್ಟು ನಾಲ್ಕೂ ಗೋಡೆ, ತಳ ಎಲ್ಲ ತಡವಿ ನೋಡುತ್ತಾರೆ. ಒಳಗಡೆ ಗೋಡೆ ಒಡೆದಿದ್ದರೆ ಆಚೆಗೇ ನರ. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಸೆಟ್ ಸ್ಕ್ರೂ ಮೇಲೆ. ಸ್ಕ್ರೂ ತಲೆಯೊಳಗೆ ರಾಡ್ ಕೂರಿಸಿ ಮೇಲಿಂದ ಬಿಗಿಯುವ ಪುಟ್ಟ ಮುಚ್ಚಳ ಅದು. ಹೊಸದರಲ್ಲಿ ಒಂದನ್ನು ಡ್ರೈವರ್‌ಗೆ ಸೊಟ್ಟಗೆ ಸಿಕ್ಕಿಸಿ ಕೊಟ್ಟಿದ್ದೆ. ಕೈಗೆ ಬಿಗಿಯಾಯಿತು ಅನಿಸಿತು, ಆದರೆ ಥ್ರೆಡ್ (ಸ್ಕ್ರೂ ಸುತ್ತಿನ ಗೆರೆ) ಹತ್ತಿದ್ದು ಅಡ್ಡ. ತಲೆಯ ಥ್ರೆಡ್ ಹಾಳಾಗಿ, ಇಡೀ ಸ್ಕ್ರೂ ತೆಗೆದು ಇನ್ನೊಂದು ಸೈಜ್ ದಪ್ಪದ್ದು ಹಾಕಬೇಕಾಯಿತು. ಸರ್ ಬೈಯಲಿಲ್ಲ. ಅದೇ ಇನ್ನೂ ಕಷ್ಟ. ಈಗ ಹೊಸಬರಿಗೆ ಮೊದಲು ಕಲಿಸುವುದೇ ಇದನ್ನ: ನೇರ ಕೂರಿಸು, ಮೊದಲು ಹಿಂದಕ್ಕೆ ಕಾಲು ಸುತ್ತು ತಿರುಗಿಸು, ‘ಟಕ್’ ಅಂತ ಕೈಗೆ ಗೊತ್ತಾಗುತ್ತದೆ, ಆಮೇಲೆ ಮುಂದಕ್ಕೆ. ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೂ ಇದೇ ಉಪಾಯ, ಅಲ್ವಾ?

ಇನ್ನು ಬಟ್ಟಲಿನ ವಿಷಯ. ನರದ ಒತ್ತಡ ಬಿಡಿಸಲು ಹಿಂಭಾಗದ ಮೂಳೆ ಕತ್ತರಿಸಿ ತೆಗೆಯುತ್ತಾರೆ. ಅದನ್ನು ಎಸೆಯುವುದಿಲ್ಲ. ಅಂಟಿದ ಮಾಂಸ, ನಾರು ಎಲ್ಲ ಕಿತ್ತು, ಕಾಳಿನಷ್ಟು ಸಣ್ಣಗೆ ಮಾಡಿ, ಒಣಗದ ಹಾಗೆ ಒದ್ದೆ ಬಟ್ಟೆ ಮುಚ್ಚಿ ಇಡುತ್ತೇನೆ. ಬೇಜಾರಿನ ಕೆಲಸ. ಆದರೆ ಮಾಂಸ ಉಳಿದರೆ ಅದು ಮೂಳೆಯಾಗುವುದಿಲ್ಲ. ಈ ಚೂರುಗಳನ್ನೇ ಕೇಜ್ ಒಳಗೆ ಮತ್ತು ಸುತ್ತ ತುಂಬುತ್ತಾರೆ. ಎರಡು ಮೂಳೆ ಸೇರಿ ಒಂದಾಗುವುದು ಇದರಿಂದಲೇ. ಅದಕ್ಕೆ ಆರು ತಿಂಗಳು, ಕೆಲವರಿಗೆ ವರ್ಷ ಬೇಕು. ಬೀಡಿ, ಸಿಗರೇಟ್ ಸೇದುವವರಿಗೆ ಇನ್ನೂ ತಡ. ಮೂಳೆ ಕೂಡದೇ ಹೋದರೆ ಎಷ್ಟೇ ಗಟ್ಟಿ ಟೈಟಾನಿಯಂ ಆದರೂ ದಣಿಯುತ್ತದೆ. ಸ್ಕ್ರೂ ಸಡಿಲವಾಗುತ್ತದೆ, ಇಲ್ಲ ರಾಡ್ ಮುರಿಯುತ್ತದೆ.

ಅಜ್ಜಿ ಆರು ತಿಂಗಳಿಗೆ ತೋರಿಸಲು ಬಂದಿದ್ದರು. ನಡಿಗೆ ಪರವಾಗಿಲ್ಲ. ಅವರ ಮಗ ಎಕ್ಸ್‌ರೇ ಬೆಳಕಿಗೆ ಹಿಡಿದು ‘ಕೇಜ್ ಹಾಕಿದ್ದೀವಿ ಅಂದ್ರಿ, ಕಾಣ್ತಾನೇ ಇಲ್ವಲ್ಲ ಸಾರ್’ ಅಂದ. ಅದು ಪೀಕ್ ಅನ್ನುವ ಒಂಥರಾ ಪ್ಲಾಸ್ಟಿಕ್, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದಕ್ಕೇ ಒಳಗೆ ಟ್ಯಾಂಟಲಮ್ ಲೋಹದ ಗುರುತು ಇಟ್ಟಿರುತ್ತಾರೆ. ಆ ಬಿಳಿ ಚುಕ್ಕೆಗಳನ್ನು ತೋರಿಸಿದೆ. ಅವನು ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬ್ ಗಟ್ಟಿಯಾಗುವ ತನಕ ಸೆಂಟ್ರಿಂಗ್ ಹೊತ್ತು ನಿಲ್ಲುತ್ತದಲ್ಲ, ಸ್ಕ್ರೂ ರಾಡ್ ಕೂಡ ಹಾಗೇ ಅಂದೆ. ತಕ್ಷಣ ಅರ್ಥವಾಯಿತು.

ಅಜ್ಜಿ ಮಾತ್ರ ಬಿಡಲಿಲ್ಲ. ‘ಹಂಗಾದ್ರೆ ನಂದು ಯಾವಾಗ ಬಿಚ್ತೀರಪ್ಪ?’

ತೊಂದರೆ ಕೊಡದಿದ್ದರೆ ಬಿಚ್ಚುವುದಿಲ್ಲ ಅಜ್ಜಿ, ಸುಮ್ನೆ ಇನ್ನೊಂದು ಆಪರೇಷನ್ ಯಾಕೆ ಅಂದೆ.

‘ಸರಿ ಬಿಡು’ ಅಂದರು. ‘ಅಷ್ಟು ದುಡ್ಡು ಕೊಟ್ಟಿದ್ದೀವಿ, ಬಾಡಿಗೆ ಸಾಮಾನೇನಲ್ಲ.’