ಬ್ಯಾಟರಿ ಸ್ವಿಚ್ ಮುಟ್ಟುವ ಮೊದಲು ಎರಡು ನಿಮಿಷ

ಹೋದ ತಿಂಗಳು ನನ್ನ ಬಿಎಸ್-6 (ಸರ್ಕಾರದ ಹೊಸ ಹೊಗೆ ನಿಯಮದ) ಲಾರಿಯನ್ನು ಎಮಿಷನ್ ಟೆಸ್ಟಿಗೆ ಒಯ್ದಿದ್ದೆ. ಮಿಷನ್ನಿನಲ್ಲಿ ಹೊಗೆಯ ಅಳತೆ 0.1 ಚಿಲ್ಲರೆ ಬಂತು. ಲಿಮಿಟ್ 0.7. ಟೆಸ್ಟ್ ಮಾಡುವ ಹುಡುಗನಿಗೆ ನಂಬಿಕೆ ಬರಲಿಲ್ಲ. ಪೈಪಿನೊಳಗೆ ಪ್ರೋಬ್ ಸರಿಯಾಗಿ ಕೂತಿಲ್ಲ ಅಂತ ಇನ್ನೊಂದು ಸಲ ಹಾಕಿದ. ಮತ್ತೆ ಅದೇ. ಪೈಪ್ ತಣ್ಣಗಾದ ಮೇಲೆ ಒಳಗೆ ಬೆರಳಾಡಿಸಿ ತೋರಿಸಿದೆ, ಬೆರಳಿಗೆ ಮಸಿ ಹತ್ತಲಿಲ್ಲ. ಗಾಡಿ ನಾಲ್ಕೂವರೆ ಲಕ್ಷ ಕಿ.ಮೀ. ಓಡಿದೆ. ಎಮ್ಯುಲೇಟರ್ (ಎಲ್ಲಾ ಸರಿ ಇದೆ ಅಂತ ಗಾಡಿಯ ಕಂಪ್ಯೂಟರ್‌ಗೆ ಸುಳ್ಳು ಹೇಳುವ ಡಬ್ಬಿ) ಹಾಕಿಲ್ಲ, ಸೆನ್ಸರ್ ಕಿತ್ತಿಲ್ಲ, ಯಾರ ಕೈಯನ್ನೂ ಬೆಚ್ಚಗೆ ಮಾಡಿಲ್ಲ.

ಹಿರಿಯೂರಿನ ನಮ್ಮ ಲಾರಿ ಸ್ಟ್ಯಾಂಡಿನಲ್ಲಿ ಮೂರು ವರ್ಷ ನನ್ನನ್ನು ನೋಡಿ ನಕ್ಕವರೇ ಈಗ ಫೋನ್ ಮಾಡಿ ಅದು ಹೇಗೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಎರಡೇ ಗಾಡಿ. ಒಂದು 2018ರ ಬಿಎಸ್-4, ಯೂರಿಯಾ ಇಲ್ಲದ್ದು. ಇನ್ನೊಂದು 2021ರ ಬಿಎಸ್-6, ಹೊಗೆಯಲ್ಲಿನ ನೋಕ್ಸ್ ಅನ್ನುವ ವಿಷಾನಿಲ ಇಳಿಸಲು ಸೈಲೆನ್ಸರಿಗೆ ಯೂರಿಯಾ ನೀರು ಚಿಮ್ಮಿಸುವಂಥದ್ದು. ನಮ್ಮ ಕಡೆಯ ಮೆಕ್ಕೆಜೋಳ ತಮಿಳುನಾಡಿನ ನಾಮಕ್ಕಲ್ ಕೋಳಿ ಫೀಡಿಗೆ ಹೋಗುತ್ತಲ್ಲ, ಅದೇ ನನ್ನ ಕಾಯಂ ಲೋಡು. ಹೋಗುವುದು ನಾನೂರು ಚಿಲ್ಲರೆ ಕಿ.ಮೀ. ಬರುವಾಗ ಸೇಲಂನಲ್ಲಿ ಸಬ್ಬಕ್ಕಿಯೋ ಮತ್ತೊಂದೋ, ಸಿಕ್ಕಿದ್ದು.

ಹೊಸ ಗಾಡಿ ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ವರ್ಷ ಚೆಕ್ ಲೈಟ್ ಶುರುವಾಯಿತು. ಮೊದಲ ಸಲ ಬಂದಿದ್ದು ತೊಪ್ಪೂರು ಘಾಟಿನಲ್ಲಿ, ವಾಪಸ್ ಬರುವಾಗ, ಫುಲ್ ಲೋಡ್. ಗಾಡಿ ಎತ್ತಲೇ ಇಲ್ಲ. ಹಿಂದೆ ಒಂದು ಕಿ.ಮೀ. ಸಾಲು, ಎಲ್ಲರ ಬೈಗುಳ ನನಗೆ. ಹೇಗೋ ಹತ್ತಿಸಿ ಧರ್ಮಪುರಿ ಮುಟ್ಟಿದೆವು. ಸ್ಕ್ಯಾನರ್ ಹಾಕಿದವನು ನೋಕ್ಸ್ ಸೆನ್ಸರ್ ಹೋಗಿದೆ ಅಂದ. 28 ಸಾವಿರ ಇರಬೇಕು, ಕೊಟ್ಟು ಬದಲಾಯಿಸಿದೆ. ಇಪ್ಪತ್ತು ದಿನಕ್ಕೆ ಮತ್ತೆ ಲೈಟ್. ಇನ್ನೊಂದು ಕಡೆ ತೋರಿಸಿದರೆ ಹಿಂದಿನ ಸೆನ್ಸರ್ ಅಲ್ಲ, ಮುಂದಿನದು ಅಂದರು. ಮತ್ತೆ 26 ಸಾವಿರ. ಆಮೇಲೆ ಯೂರಿಯಾ ಪಂಪೇ ಹೋಗಿದೆ ಅಂದರು. ಅದರ ರೇಟ್ ಬರೆಯೋಕೂ ಕೈ ಬರಲ್ಲ. ಒಟ್ಟು ಒಂದೂವರೆ ಲಕ್ಷದ ಮೇಲೆ ಹೋಯಿತು. ಗಾಡಿ ನಿಂತ ದಿನಗಳ ಬಾಡಿಗೆ ಬೇರೆ ಲೆಕ್ಕ.

ಹಳೇ ಸೆನ್ಸರ್‌ಗಳನ್ನು ಎಸೆಯದೆ ಇಟ್ಟುಕೊಂಡಿದ್ದೆ. ಅದೊಂದೇ ಬುದ್ಧಿವಂತಿಕೆ. ಆಮೇಲೆ ನೋಡಿದರೆ ಎರಡರಲ್ಲಿ ಒಂದು ಸರಿಯಾಗೇ ಇತ್ತು! ಪ್ರೆಷರ್ ಹಾಕಿ ಗಾಡಿ ತೊಳೆದು ತೊಳೆದು ಅದರ ಕನೆಕ್ಟರ್ ಒಳಗೆ ನೀರು ಹೋಗಿ ಹಸಿರು ಕಿಲುಬು ಕಟ್ಟಿತ್ತು. ಕ್ಲೀನ್ ಮಾಡಿ ಹಾಕಿದೆ, ಈಗಲೂ ಅದೇ ಓಡುತ್ತಿದೆ. 26 ಸಾವಿರದ್ದು ಸ್ಪೇರ್ ಆಗಿ ಬೀರುವಿನಲ್ಲಿದೆ. ಅವತ್ತಿನಿಂದ ತೊಳೆಯುವಾಗ ಆ ಜಾಗಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟದೆ ನೀರು ಬಿಡಲು ನಾನು ಒಪ್ಪುವುದಿಲ್ಲ.

ಆಗಲೇ ನಮ್ಮ ಮೇಸ್ತ್ರಿ ಹೇಳಿದ್ದು. "ಯಜಮಾನ್ರೇ, ಸುಮ್ನೆ ಯಾಕೆ ದುಡ್ಡು ಸುರೀತೀರಾ? ಒಂದು ಡಬ್ಬಿ ಕೂರಿಸಿಬಿಡ್ತೀನಿ. ಯೂರಿಯಾ ಖರ್ಚೂ ಇಲ್ಲ, ಲೈಟೂ ಇಲ್ಲ." ಡಬ್ಬಿ ಅಂದರೆ ಅದೇ ಎಮ್ಯುಲೇಟರ್. ಮೂವತ್ತು ಸಾವಿರಕ್ಕೆ ಕೇಳಿದ. ಸ್ಟ್ಯಾಂಡಿನಲ್ಲಿ ಸುಮಾರು ಗಾಡಿಗೆ ಅದೇ ಇದೆ ಅಂತ ಎಲ್ಲರಿಗೂ ಗೊತ್ತು. ನನಗೂ ಆಸೆ ಆಯಿತು, ಸುಳ್ಳು ಹೇಳಲ್ಲ. ಆದರೆ ಕಂಪನಿ ಫಿಟ್ಟಿಂಗ್ ಬದಲಾಯಿಸಿದ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೂ 5 ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತಿದೆ. ಹೊಗೆ, ಸದ್ದಿನ ಲಿಮಿಟ್ ಮೀರಿದರೆ 10 ಸಾವಿರದವರೆಗೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೂ ಕುತ್ತು. ಅದು ಹೋಗಲಿ, ನಾಳೆ ಗಾಡಿ ಮಾರುವಾಗ ತಗೊಳ್ಳುವವನು ಸ್ಕ್ಯಾನರ್ ಹಾಕಿ ನೋಡಿದರೆ ಎರಡು ಲಕ್ಷ ಮುರಿಯುತ್ತಾನೆ. ಬೇಡ ಅಂದೆ. ಮೇಸ್ತ್ರಿ ನಕ್ಕ. "ಇನ್ನಾರು ತಿಂಗಳಿಗೆ ನೀವೇ ಬರ್ತೀರಿ ಬಿಡಿ" ಅಂದ.

ಮೊದಲು ಅನುಮಾನ ಬಂದಿದ್ದು ಯೂರಿಯಾ ಮೇಲೆ. ನಾವು ರೋಡ್ ಸೈಡಿನಲ್ಲಿ ಅಗ್ಗದ ಡಬ್ಬ ತಗೊಳ್ಳುತ್ತಿದ್ದೆವು. 20 ಲೀಟರಿಗೆ ಇನ್ನೂರು ಮುನ್ನೂರು ಉಳಿತಾಯ. ನೀರಿನಲ್ಲಿ ಯೂರಿಯಾ ಎಷ್ಟಿದೆ ಅಂತ ತೋರಿಸುವ ಒಂದು ರಿಫ್ರಾಕ್ಟೋಮೀಟರ್ ತರಿಸಿದೆ, ಸಾವಿರ ಚಿಲ್ಲರೆ. ಗಾಜಿನ ಮೇಲೆ ಒಂದು ಹನಿ, ಮೇಲೆ ಮುಚ್ಚಳ, ಬೆಳಕಿಗೆ ಹಿಡಿದರೆ ನೀಲಿ ಗೆರೆ ಎಲ್ಲಿ ನಿಂತಿದೆ ಅಂತ ಕಾಣುತ್ತದೆ. ಶೇಕಡಾ 32.5ರಲ್ಲಿ ನಿಲ್ಲಬೇಕು. ಆ ಡಬ್ಬದ್ದು 27ರ ಹತ್ತಿರ ನಿಂತಿತು. ನೀರಿಗೆ ದುಡ್ಡು ಕೊಟ್ಟಿದ್ದೆ ನಾನು. ಈಗ ಪೆಟ್ರೋಲ್ ಬಂಕಿನದ್ದೇ ಆಗಲಿ, ಡೀಲರ್‌ದೇ ಆಗಲಿ, ಮೊದಲು ಒಂದು ಹನಿ ನೋಡಿಯೇ ತುಂಬಿಸುವುದು. ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಇಲ್ಲೊಂದು ಉಪಕಥೆ. ಪಕ್ಕದ ಹೊಲದವರು, "ನಮ್ಮ ಯೂರಿಯಾ ಗೊಬ್ಬರಾನೇ ನೀರಲ್ಲಿ ಕರಗಿಸಿ ಹಾಕಪ್ಪಾ, 45 ಕೆ.ಜಿ. ಚೀಲಕ್ಕೆ ಇನ್ನೂರ ಅರವತ್ತು ಚಿಲ್ಲರೆ ಅಷ್ಟೇ" ಅಂದರು. ಗಾಡಿಗೆ ಹಾಕಲಿಲ್ಲ, ಅಷ್ಟು ಹುಚ್ಚ ಅಲ್ಲ. ಆದರೆ ನೋಡೋಣ ಅಂತ ಒಂದು ಹಿಡಿ ಲೋಟದಲ್ಲಿ ಕರಗಿಸಿದೆ. ಮೇಲೆ ಎಣ್ಣೆ ಪೊರೆ ತೇಲಿತು, ಬೇವಿನ ವಾಸನೆ. ನಮ್ಮ ಗೊಬ್ಬರದ ಯೂರಿಯಾಗೆಲ್ಲ ಬೇವಿನೆಣ್ಣೆ ಲೇಪ ಇರುತ್ತಲ್ಲ. ಎರಡು ಸ್ಟೀಲ್ ಸೌಟಿನಲ್ಲಿ ಇದನ್ನೂ ಡಬ್ಬದ್ದನ್ನೂ ಒಲೆ ಮೇಲೆ ಇಂಗಿಸಿದೆ. ಡಬ್ಬದ್ದು ಬಿಳಿ ಪುಡಿಯಾಯಿತು. ಗೊಬ್ಬರದ್ದು ಕಂದು ಜಿಗುಟು, ಉಜ್ಜಿದರೂ ಹೋಗಲಿಲ್ಲ. ಆ ಜಿಗುಟು ಸೈಲೆನ್ಸರಿನೊಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟಿನ ಸಣ್ಣ ತೂತುಗಳಲ್ಲಿ ಕೂತರೆ ಕಥೆ ಮುಗೀತು. ಸಬ್ಸಿಡಿ ಯೂರಿಯಾ ಲಾರಿಗೆ ಹಾಕುವುದು ಅಪರಾಧ ಕೂಡ. ಸೌಟು ಹಾಳಾಯಿತು, ಮನೆಯಲ್ಲಿ ಎರಡು ದಿನ ಮಾತಿಲ್ಲ.

ಯೂರಿಯಾ ಸರಿಯಾದರೂ ಲೈಟ್ ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದುದು ಎರಡು ತಿಂಗಳಿಗೊಮ್ಮೆ ಆಯಿತು, ಅಷ್ಟೇ. ಪ್ರತಿ ಸಲ ಯೂರಿಯಾ ಚಿಮ್ಮಿಸುವ ಡೋಸಿಂಗ್ ನಾಝಲ್ ಬಿಚ್ಚಿದರೆ ಬಾಯಿಗೆ ಉಪ್ಪಿನ ಹಾಗೆ ಬಿಳಿ ಹರಳು ಕಟ್ಟಿರುತ್ತಿತ್ತು. ಬಿಸಿ ನೀರಿನಲ್ಲಿ ಮುಳುಗಿಸಿ ಇಟ್ಟರೆ ಕರಗುತ್ತದೆ. ಚೂಪು ಸಾಮಾನು ತಗೊಂಡು ಕೆರೆಯಬೇಡಿ, ನಾನು ಕೆರೆದು ಒಂದು ನಾಝಲ್ ಕಳೆದುಕೊಂಡಿದ್ದೇನೆ.

ಗುಟ್ಟು ಸಿಕ್ಕಿದ್ದು ಆಕಸ್ಮಿಕವಾಗಿ. ಡ್ರೈವರ್ ನಾಯಕನಹಟ್ಟಿ ಕಡೆಯವನು. ಜಾತ್ರೆಗೆ ಅಂತ ಹೋದವನು ಇಪ್ಪತ್ತು ದಿನ ಬರಲಿಲ್ಲ. ಗಾಡಿಯನ್ನು ನಾನೇ ಓಡಿಸಿದೆ. ನಾಲ್ಕು ಟ್ರಿಪ್ಪು. ಲೈಟ್ ಬರಲಿಲ್ಲ. ನಾಝಲ್ ಬಿಚ್ಚಿ ನೋಡಿದೆ, ಕ್ಲೀನು. ಅವನು ಬಂದು ಎರಡನೇ ಟ್ರಿಪ್ಪಿಗೆ ನೋಡಿದರೆ ಹರಳು ಮತ್ತೆ ಹಾಜರ್. ಡೀಸೆಲ್ ಅದೇ, ಯೂರಿಯಾ ಅದೇ, ರೋಡ್ ಅದೇ. ಡ್ರೈವರ್ ಒಬ್ಬನೇ ಬೇರೆ. ಒಂದು ಟ್ರಿಪ್ ಅವನ ಜೊತೆ ಸುಮ್ನೆ ಕೂತು ಹೋದೆ. ಗಾಡಿ ನಿಲ್ಲಿಸಿದ, ಕೀ ತೆಗೆದ, ಇಳಿದ, ಸೀದಾ ಹೋಗಿ ಬ್ಯಾಟರಿ ಮೇನ್ ಸ್ವಿಚ್ ತಿರುಗಿಸಿದ. ಹತ್ತು ಸೆಕೆಂಡೂ ಆಗಿಲ್ಲ.

ನಾನಾದರೋ ಆ ಸ್ವಿಚ್ಚನ್ನು ಮರೆತೇ ಮಲಗುತ್ತಿದ್ದೆ.

ಎಂಜಿನ್ ಆಫ್ ಮಾಡಿದ ಮೇಲೆ ಯೂರಿಯಾ ಪಂಪ್ ಲೈನಿನಲ್ಲಿ ಉಳಿದದ್ದನ್ನು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳುತ್ತದೆ. ಟ್ಯಾಂಕಿನ ಪಕ್ಕ ಕೂತು ಕಿವಿ ಕೊಟ್ಟರೆ ಗುಂಯ್ ಅನ್ನುವ ಸದ್ದು ಕೇಳುತ್ತದೆ. ಕೊನೆಗೆ ಟಕ್ ಅಂತ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಒಂದೂವರೆ ನಿಮಿಷ. ಅದರೊಳಗೆ ಕರೆಂಟ್ ಕಟ್ ಮಾಡಿದರೆ ಯೂರಿಯಾ ನಾಝಲ್‌ನಲ್ಲೇ ನಿಲ್ಲುತ್ತದೆ. ಸೈಲೆನ್ಸರ್ ಬಿಸಿಗೆ ನೀರು ಆರಿ ಹರಳಾಗುತ್ತದೆ. ಡ್ರೈವರ್‌ನನ್ನು ಬೈಯಲು ಬಾಯಿ ತೆಗೆದೆ. ಆಗ ನೆನಪಾಯಿತು, ಹಳೇ ಗಾಡಿಯ ಬ್ಯಾಟರಿ ಇಳಿದಾಗ "ನಿಲ್ಲಿಸಿದ ತಕ್ಷಣ ಮೇನ್ ಆಫ್ ಮಾಡೋ" ಅಂತ ಕಲಿಸಿದವನು ನಾನೇ. ಬಾಯಿ ಮುಚ್ಚಿಕೊಂಡೆ.

ಈಗ ರೂಲ್ ಇಷ್ಟೇ: ಕೀ ತೆಗೆದ ಮೇಲೆ ಟೈರ್ ಒಂದು ಸುತ್ತು ತಟ್ಟಿ ಬಂದು, ಆಮೇಲೆ ಸ್ವಿಚ್. ಎರಡು ನಿಮಿಷ ಆಗೇ ಆಗುತ್ತದೆ. ಸ್ಟ್ಯಾಂಡಿನಲ್ಲಿ ಹೇಳಿದಾಗ "ಎರಡು ನಿಮಿಷದಲ್ಲಿ ಒಂದೂವರೆ ಲಕ್ಷ ಉಳಿಯುತ್ತಾ" ಅಂತ ನಕ್ಕಿದ್ದರು. ಎರಡೂವರೆ ವರ್ಷ ಆಯಿತು, ಯೂರಿಯಾ ಲೈಟ್ ಒಂದೇ ಸಲ ಬಂದಿದೆ. ಅದೂ ಟ್ಯಾಂಕ್ ಖಾಲಿ ಆಗಿ.

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬಗ್ಗೆ ಜಾಸ್ತಿ ಬರೆಯಲ್ಲ, ನಿಮಗೆ ಗೊತ್ತಿರುವುದೇ. ಎಸಿ ಹಾಕಿಕೊಂಡು ಅನ್‌ಲೋಡಿಂಗ್ ಸಾಲಿನಲ್ಲಿ ಮೂರು ಗಂಟೆ ಎಂಜಿನ್ ಓಡಿಸಿದರೆ ಮಸಿ ತುಂಬದೆ ಇನ್ನೇನಾಗುತ್ತದೆ? ಐಡಲ್ ಕಡಿಮೆ ಮಾಡಿಸಿದ ಮೇಲೆ ಗಾಡಿ ನಿಲ್ಲಿಸಿ ರೀಜನ್ ಮಾಡುವುದು (ಒಳಗೆ ಬಿಸಿ ಏರಿಸಿ ಆ ಮಸಿ ಸುಡುವುದು) ತಿಂಗಳಿಗೆ ಎರಡರಿಂದ ಎರಡು ಮೂರು ತಿಂಗಳಿಗೆ ಒಂದಕ್ಕೆ ಇಳಿಯಿತು. ಎಂಜಿನ್ ಆಯಿಲ್ ಲೋ ಆಶ್‌ದೇ (ಬೂದಿ ಕಡಿಮೆ ಉಳಿಸುವುದು) ಹಾಕಿ, ಅದರಲ್ಲಿ ಉಳಿಸಲು ಹೋಗಬೇಡಿ. ಒಂದೇ ಎಚ್ಚರಿಕೆ: ರೀಜನ್ ಮಾಡುವಾಗ ಕೆಳಗೆ ಏನಿದೆ ನೋಡಿ. ಒಮ್ಮೆ ಜೋಳದ ಕಣದಲ್ಲಿ ಬಟನ್ ಒತ್ತಿದ್ದೆವು. ಒಳಗೆ ಆರುನೂರು ಡಿಗ್ರಿ ಹತ್ತಿರ ಹೋಗುತ್ತದೆ. ಪೈಪಿನ ಎದುರಿದ್ದ ಒಣ ರವದಿ ಹೊಗೆಯಾಡಿತು. ಕ್ಲೀನರ್ ಹುಡುಗ ನೋಡಿದ್ದಕ್ಕೆ ಬಚಾವ್. ಘಾಟಿ ಹತ್ತುವಾಗ ರೀಜನ್ ತಾನಾಗೇ ಮುಗಿಯುವ ಹಾಗೆ ಗೇರ್ ಆಡಿಸುವ ಒಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ.

ಹಳೇ ಗಾಡಿಯ ಕಥೆ ಬೇರೆ. ಅದಕ್ಕೆ ಈ ವರ್ಷ ಎಂಟು ತುಂಬಿತು, ಇನ್ನು ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ಹೊಗೆ ಟೆಸ್ಟಿನಲ್ಲಿ ಶೇಕಡಾ 58 ಬಂದು ಫೇಲ್ ಆಗಿತ್ತು (ಹೊಸ ಗಾಡಿಯ 0.7 ಬೇರೆ ಅಳತೆ). ಬಿಎಸ್-4ಕ್ಕೆ 50 ಲಿಮಿಟ್. ಎಲ್ಲರೂ ಇಂಜೆಕ್ಟರ್ ಮಾಡಿಸು ಅಂದರು. ನಾನು ಮೊದಲು ಮಾಡಿದ್ದು ಸೋಪ್ ನೀರು. ಎಂಜಿನ್ನಿಗೆ ಹೋಗುವ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಹೋಸ್‌ಗಳಿಗೆ ಸೋಪ್ ನೀರು ಹಚ್ಚಿ ರೇಸ್ ಮಾಡಿಸಿದೆ. ಕೆಳಗಿನ ಕ್ಲಿಪ್ಪಿನ ಹತ್ತಿರ ಬುರುಬುರು ಗುಳ್ಳೆ ಬಂತು. ಗಾಳಿ ಅಲ್ಲೇ ಸೋರುತ್ತಿತ್ತು. ಹೋಸ್, ಕ್ಲಿಪ್, ಏರ್ ಫಿಲ್ಟರ್, ಟ್ಯಾಪೆಟ್, ಎಲ್ಲಾ ಸೇರಿ ಐದಾರು ಸಾವಿರ. ಟೆಸ್ಟಿಗೆ ಗಾಡಿಯನ್ನು ಶಿರಾವರೆಗೆ ಓಡಿಸಿ ಬಿಸಿ ಇರುವಾಗಲೇ ಒಯ್ದೆ. 24 ಬಂತು. ಇಂಜೆಕ್ಟರ್ ಮುಟ್ಟಿಲ್ಲ. ಮೈಲೇಜ್ ಕೂಡ ಲೀಟರಿಗೆ ಕಾಲು ಕಿ.ಮೀ. ಏರಿತು ಅನ್ನಿಸುತ್ತದೆ.

ಸದ್ದಿನದು ದೊಡ್ಡ ತಲೆನೋವು. ಆ ಗಾಡಿಯ ಹಿಂದಿನ ಡ್ರೈವರ್‌ಗೆ ಸದ್ದಿದ್ದರೇನೇ ಲಾರಿ. ನನಗೆ ಹೇಳದೆ ಸೈಲೆನ್ಸರ್ ಒಳಗಿನ ಪ್ಲೇಟ್ ಕಿತ್ತಿಸಿದ್ದ, ಹಾಡಿನ ಹಾರ್ನ್ ಬೇರೆ. ನಾಲ್ಕು ರಾಗದ ಹಾರ್ನ್ ಹಾಕುವ ಹಾಗೇ ಇಲ್ಲ. ಎರಡಕ್ಕೂ ದಂಡ ಕಟ್ಟಿದವನು ನಾನು. ಹಾರ್ನ್ ಕಿತ್ತ ದಿನ ಅವನು ಊಟ ಮಾಡಲಿಲ್ಲ, ಮುಂದಿನ ತಿಂಗಳು ಕೆಲಸವನ್ನೇ ಬಿಟ್ಟ. ಹೊಸ ಸೈಲೆನ್ಸರ್ ಹಾಕಿಸಿದರೂ ಕ್ಯಾಬಿನ್ ಒಳಗೆ ಚಟಚಟ ಸದ್ದು ಹೋಗಲಿಲ್ಲ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಟೇಲ್ ಪೈಪಿಗೆ ಒದ್ದೆ ಗೋಣಿಚೀಲ ಅರೆಕ್ಷಣ ಒತ್ತಿ ಹಿಡಿದೆ. ಫ್ಲೇಂಜ್ ಪ್ಯಾಕಿಂಗಿನ ಸಂದಿಯಿಂದ ಹೊಗೆ ಪುಸ್ ಅಂತ ಬಂತು. ಪ್ಯಾಕಿಂಗ್ ನೂರೈವತ್ತು ರೂಪಾಯಿ. ತುಕ್ಕು ಹಿಡಿದ ಬೋಲ್ಟ್ ಕತ್ತರಿಸಲು ಕೊಟ್ಟ ಕೂಲಿ ಎಂಟುನೂರು.

ಫೋನಿನ ಆ್ಯಪ್ ಇಟ್ಟು ಅಳೆದೆ, 94 ಡೆಸಿಬಲ್ ಇದ್ದದ್ದು 88ಕ್ಕೆ ಬಂತು. ಆ್ಯಪ್ ಲೆಕ್ಕ ಆರ್‌ಟಿಒ ಒಪ್ಪಲ್ಲ, ಮೊದಲು ಮತ್ತು ಆಮೇಲೆ ನೋಡೋಕೆ ಸಾಕು. ಇನ್ನೂ ಇಳಿಸೋಣ ಅಂತ ಎಂಜಿನ್ ಮೇಲಿನ ತಗಡಿಗೆ ಗೋಣಿ, ತೆಂಗಿನ ನಾರು ತುಂಬಿ ನೋಡಿದೆ. ಸದ್ದು ಕಡಿಮೆಯಾಯಿತು ನಿಜ. ವಾರಕ್ಕೆ ನೋಡಿದರೆ ಅದು ಡೀಸೆಲ್ ಕುಡಿದು ಕಪ್ಪಾಗಿ ಕೂತಿದೆ. ಅವತ್ತೇ ಕಿತ್ತು ಬಿಸಾಕಿದೆ. ಈಗ ಕಂಪನಿಯ ಶೀಟೇ ಹಾಕಿದ್ದೇನೆ, ಎರಡು ಸಾವಿರ ಚಿಲ್ಲರೆ.

ಡಬ್ಬಿ ಕೂರಿಸ್ತೀನಿ ಅಂದಿದ್ದ ಮೇಸ್ತ್ರಿ ಮೊನ್ನೆ ಸಿಕ್ಕಿದ್ದ. ಅವನ ತಮ್ಮನ ಗಾಡಿಗೂ ನಾಝಲ್ ಪದೇ ಪದೇ ಕಟ್ಟುತ್ತಿದೆಯಂತೆ. ಸ್ವಿಚ್ ಬಗ್ಗೆ ಹೇಳಿದೆ. ನಗಲಿಲ್ಲ ಈ ಸಲ.

ಹಳೇ ಗಾಡಿಯ ಫ್ಯಾನ್ ಸದ್ದು ಮಾತ್ರ ಇನ್ನೂ ಬಾಕಿ. ತಣ್ಣಗಿದ್ದಾಗಲೂ ಫುಲ್ ಸ್ಪೀಡಲ್ಲೇ ತಿರುಗುತ್ತದೆ, ಬಿಸಿ ನೋಡಿ ಫ್ಯಾನ್ ತಿರುಗಿಸುವ ವಿಸ್ಕಸ್ ಕ್ಲಚ್ ಹಿಡಿದುಕೊಂಡಿದೆ ಅಂತ ನನ್ನ ಅನುಮಾನ. ಸೋಮವಾರ ನಾಮಕ್ಕಲ್ ಲೋಡಿದೆ. ಅಲ್ಲೇ ಬಿಚ್ಚಿಸಬೇಕು.