ಕಡಲ ಈಜಿನಲ್ಲಿ ಉಸಿರು ಹಿಡಿತಕ್ಕೆ ಬಂದ ಬಗೆ

ಗೋವಾದ ಮಿರಾಮಾರ್ ಕಡಲತೀರದ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ; ಅದರಲ್ಲಿ ಮೊದಲು 1.9 ಕಿ.ಮೀ. ಈಜಬೇಕು. ಬೆಂಗಳೂರಿನ ಈಜುಕೊಳದಲ್ಲಿ ಆ ದೂರ ನನಗೆ ಸಲೀಸು. ಕಡಲಿಗಿಳಿದರೆ ಮಾತ್ರ ಎದೆ ಬಿಗಿದು ಏದುಸಿರು ಬರುತ್ತಿತ್ತು.

ತೋಳಿನ ಶಕ್ತಿಗೂ ಇದಕ್ಕೂ ಸಂಬಂಧವಿರಲಿಲ್ಲ. ಗಾಬರಿಯಾದಾಗ ಉಸಿರನ್ನು ಎಳೆದುಕೊಳ್ಳುತ್ತಲೇ ಇರುತ್ತೇವೆ, ಪೂರ್ತಿ ಹೊರಬಿಡುವುದಿಲ್ಲ. ಹಾಗಾಗಿ ಮುಖ ನೀರಿನೊಳಗಿರುವಾಗಲೇ ಗುಳ್ಳೆ ಬಿಡುತ್ತಾ ಉಸಿರು ಖಾಲಿ ಮಾಡುವುದನ್ನು ಕೊಳದಲ್ಲಿ ರೂಢಿಸಿಕೊಂಡೆ. ಉಳಿದೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಕಡಲಿನಲ್ಲಿ ಮೊದಲು ಸೊಂಟಮಟ್ಟದ ನೀರಿನಲ್ಲಿ ನಿಂತು ಮುಖ, ಕತ್ತು ನೆನೆಸಿಕೊಳ್ಳುತ್ತೇನೆ; ಉಸಿರು ಹದಕ್ಕೆ ಬಂದ ಮೇಲಷ್ಟೇ ಮುಂದೆ ಹೋಗುತ್ತೇನೆ. ನಡುವೆ ಅಳುಕಾದರೆ ಅಂಗಾತ ತೇಲುತ್ತೇನೆ. ಉಪ್ಪುನೀರು ಕೊಳದ ನೀರಿಗಿಂತ ಚೆನ್ನಾಗಿ ದೇಹವನ್ನು ಎತ್ತಿಹಿಡಿಯುತ್ತದೆ. ಅದನ್ನು ಮೈಯೇ ಅನುಭವಿಸಿ ನಂಬಬೇಕು.

ಕೊಳದ ತಳದಲ್ಲಿರುವ ಕಪ್ಪು ಗೆರೆ ಕಡಲಿನಲ್ಲಿಲ್ಲ. ಆರೆಂಟು ಬಾರಿ ಕೈ ಬೀಸಿದ ಮೇಲೊಮ್ಮೆ, ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ದಿಕ್ಕು ನೋಡುತ್ತೇನೆ. ತಲೆ ಪೂರ್ತಿ ಎತ್ತಿದರೆ ಕಾಲು ಮುಳುಗಿ ವೇಗ ತಗ್ಗುತ್ತದೆ. ಎರಡೂ ಬದಿಗೆ ಉಸಿರೆಳೆಯಲು ಬಂದರೆ ಅಲೆ ಬಡಿಯುವ ಕಡೆಯನ್ನು ಬಿಟ್ಟು ಇನ್ನೊಂದು ಕಡೆ ತಿರುಗಬಹುದು. ಸ್ಪರ್ಧೆಯ ಆರಂಭದ ನೂಕುನುಗ್ಗಲಿಗೆ ಒಗ್ಗಿಕೊಳ್ಳಲು ನಾನು, ಗೆಳೆಯರು ಕೊಳದ ಒಂದೇ ಲೇನ್‌ನಲ್ಲಿ ಒತ್ತೊತ್ತಾಗಿ ಈಜಿದೆವು.

ದಯವಿಟ್ಟು ಅಭ್ಯಾಸಕ್ಕೆಂದು ಒಬ್ಬರೇ ಕಡಲಿಗೆ, ಕೆರೆಗೆ ಇಳಿಯಬೇಡಿ. ಸೊಂಟಕ್ಕೆ ಎದ್ದುಕಾಣುವ ಬಣ್ಣದ ತೇಲುಚೀಲ ಕಟ್ಟಿಕೊಂಡಿರಿ. ದೋಣಿಯವರಿಗೆ ಕಾಣಿಸುವುದು ಅದೇ.