ಇ20 ಪೆಟ್ರೋಲಿನಲ್ಲಿ ಕಾರ್ಬ್ ಮಾರುತಿ 800: ಆಲ್ಟೊ ಕೆ10 ಜೊತೆ ಹೋಲಿಸಿ ಹೊಂದಿಸಿದ್ದು

ಇ20 (ಇಪ್ಪತ್ತು ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್) ಬಂದಮೇಲೆ ಕಾರ್ಬ್, ಅಂದರೆ ಕಾರ್ಬ್ಯುರೇಟರ್ ಇರುವ ಮಾರುತಿ 800 ಗುಜರಿಗೇ ಸರಿ ಅಂದವರೇ ಜಾಸ್ತಿ. ನನ್ನ 1998ರ ಗಾಡಿ ಈಗ ಶಿರಾಡಿ ಘಾಟಿಯನ್ನು ಮಿಸ್ಸಿಂಗ್ ಇಲ್ಲದೆ ಹತ್ತುತ್ತದೆ, ಲೀಟರಿಗೆ ಹದಿನಾರರ ಆಸುಪಾಸು ಕೊಡುತ್ತದೆ. ಮೊದಲು ಹದಿಮೂರಕ್ಕೆ ಇಳಿದಿತ್ತು. ಹೋಲಿಕೆಗೆ ಇಟ್ಟುಕೊಂಡದ್ದು 2012ರ ಆಲ್ಟೊ ಕೆ10. ಒಂದೇ ಬಂಕ್, ಒಂದೇ ರಸ್ತೆ, ಫುಲ್ ಟ್ಯಾಂಕ್ ಲೆಕ್ಕ. ಅದು ಹದಿನೆಂಟು ದಾಟುತ್ತದೆ.

ಕೆ10ಗೆ ಆಕ್ಸಿಜನ್ ಸೆನ್ಸರ್ ಇದೆ, ಮಿಶ್ರಣ ಲೀನ್ ಆದರೆ (ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ) ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತಾನೇ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆಯುತ್ತದೆ. ಕಾರ್ಬಿಗೆ ಗೊತ್ತಿರುವುದು ಜೆಟ್ಟಿನ (ಪೆಟ್ರೋಲ್ ಅಳೆದು ಬಿಡುವ ಪುಟ್ಟ ನಳಿಕೆಯ) ತೂತು ಮಾತ್ರ. ಹತ್ತು ಶೇಕಡಾ ಎಥನಾಲಿನ ಇ10ರಿಂದ ಇ20ಗೆ ಬಂದರೆ ನಾಲ್ಕು ಶೇಕಡಾ ಚಿಲ್ಲರೆ ಹೆಚ್ಚು ಇಂಧನ ಬೇಕು. ನೂರರ ಸುತ್ತಿನ ಜೆಟ್ಟಿಗೆ ಎರಡೂವರೆ ನಂಬರ್ ಏರಿಸಿದರೆ ಸಾಕು. ಐದು ಏರಿಸಿದರೆ ಪ್ಲಗ್ ಕಪ್ಪಾಗಿ ಮೈಲೇಜ್ ಹನ್ನೆರಡಕ್ಕೆ ಕುಸಿಯುತ್ತದೆ. ಡ್ರಿಲ್ ಹಾಕಬೇಡಿ, ತೂತು ಅಂಡಾಕಾರವಾಗುತ್ತದೆ. ನನ್ನ ಪ್ರೈಮರಿ, ಸ್ಲೋ ಜೆಟ್ಟಿನ ನಂಬರ್ ಇಲ್ಲಿ ಬರೆಯುವುದಿಲ್ಲ, ಪ್ಲಗ್ ನೋಡಿ ನೀವೇ ಹುಡುಕಿಕೊಳ್ಳಿ.

ಬಹಳ ಮೆಕ್ಯಾನಿಕ್‌ಗಳು ಮಿಕ್ಸ್ಚರ್ ಸ್ಕ್ರೂ ಬಿಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಐಡ್ಲಿಂಗ್ ಚೆನ್ನಾಗಿರುತ್ತದೆ, ಅರ್ಧ ಆಕ್ಸಿಲರೇಟರಿನಲ್ಲಿ ಮುಗ್ಗರಿಸುತ್ತದೆ. ಆ ಸ್ಕ್ರೂ ಐಡ್ಲಿಂಗಿಗೆ ಮಾತ್ರ, ಮೇನ್ ಜೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆ ಸುಲಭ: ಏರಿನಲ್ಲಿ ಮೂರನೇ ಗೇರ್, ಗಾಳಿ ಕಡಿಮೆ ಮಾಡುವ ಚೋಕ್ ಸ್ವಲ್ಪ ಎಳೆಯಿರಿ. ಪಿಕಪ್ ಹೆಚ್ಚಿದರೆ ಇನ್ನೂ ಲೀನ್, ಕುಗ್ಗಿದರೆ ಜೆಟ್ ಸಾಕು. ಅದಕ್ಕೂ ಮುಂಚೆ ತಣ್ಣಗಿದ್ದಾಗ ಟ್ಯಾಪೆಟ್ (ವಾಲ್ವಿನ) ಸಂದು 0.15, ಪಾಯಿಂಟ್ (ಡಿಸ್ಟ್ರಿಬ್ಯೂಟರಿನ) ಸಂದು 0.4 ಮಿ.ಮೀ.ಗೆ ಇಟ್ಟು, ಕಾರ್ಬ್ ಬುಡದ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಎಳೆಯುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಪೆಟ್ರೋಲ್ ಹೋಸ್ ವಿಷಯದಲ್ಲಿ ಕಂಜೂಸುತನ ಬೇಡ. ಮೀಟರಿಗೆ ಎಂಬತ್ತು ರೂಪಾಯಿಯ ಪೈಪ್ ಒಂದೇ ಬೇಸಿಗೆಯಲ್ಲಿ ಬಿರಿದು, ಉದುರಿದ ರಬ್ಬರ್ ಕಾರ್ಬಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ಸೀಟಿಗೆ ಸಿಕ್ಕಿ ಕಾರ್ಬ್ ಉಕ್ಕಿತು. ಜೆ30ಆರ್9 (ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು) ಅಂತ ಅಚ್ಚಿರುವುದೇ ಬೇಕು, ಮೀಟರಿಗೆ ನಾನೂರು–ಐನೂರು. ಎಥನಾಲ್ ಟ್ಯಾಂಕಿನ ಹಳೇ ಜಿಡ್ಡನ್ನೆಲ್ಲ ಎಬ್ಬಿಸುವುದರಿಂದ ಶುರುವಿನಲ್ಲಿ ಫಿಲ್ಟರ್ ಬೇಗ ಬೇಗ ಬದಲಿಸಬೇಕು. ತಗಡಿನ ಟ್ಯಾಂಕ್, ತುಕ್ಕು ಹಿಡಿಯದಂತೆ ನಿಲ್ಲಿಸುವಾಗ ಪೆಟ್ರೋಲ್ ಅರ್ಧಕ್ಕಿಂತ ಮೇಲಿರಲಿ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಘಾಟಿ ಹತ್ತಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಪೆಟ್ರೋಲ್ ಲೈನಿಗೆ ಶಾಖ ತಡೆಯುವ ಸ್ಲೀವ್ ಸುತ್ತಿ ನೋಡಿದರೆ ಅಷ್ಟೇನೂ ಲಾಭವಿಲ್ಲ. ಟ್ಯಾಂಕಿಗೆ ಮರಳುವ ರಿಟರ್ನ್ ಲೈನ್ ಕಟ್ಟಿಕೊಂಡಿತ್ತು. ಗಾಳಿ ಹೊಡೆದ ಮೇಲೆ ವೇಪರ್ ಲಾಕ್ (ಲೈನಿನಲ್ಲಿ ಪೆಟ್ರೋಲ್ ಬಿಸಿಗೆ ಆವಿಯಾಗಿ ಹರಿವು ನಿಲ್ಲುವುದು) ಹೋಯಿತು, ಸ್ಲೀವಿನ ಆರುನೂರು ದಂಡ.

ಕಾರ್ಬ್ ಕಿಟ್, ಹೋಸ್, ಜೆಟ್, ಪ್ಲಗ್, ಪಾಯಿಂಟ್ ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ, ಕೂಲಿ ನನ್ನದೇ. 20 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೇ 10,000 ರೂಪಾಯಿ!

ಏರಿನಲ್ಲಿ ಮಾತ್ರ ಕೆ10 ಬೇರೆಯೇ ಗಾಡಿ: 998 ಸಿಸಿ, 67 ಕುದುರೆ. ನಮ್ಮದು 796 ಸಿಸಿ, ನಲವತ್ತರೊಳಗೆ. ಅದು ಮೂರರಲ್ಲಿ ಹೋಗುವ ತಿರುವಿಗೆ ಇದಕ್ಕೆ ಎರಡೇ ಬೇಕು. ಅದರದು ಟೈಮಿಂಗ್ ಚೈನ್, ಇದರದು ಬೆಲ್ಟ್, ನೆನಪಿಟ್ಟು ಬದಲಿಸಬೇಕು. ಸಕಲೇಶಪುರದ ಚಳಿಯಲ್ಲಿ ಎಥನಾಲ್ ಬೇಗ ಆವಿಯಾಗುವುದಿಲ್ಲ. ಕೆ10 ಒಂದೇ ಕೀಲಿಗೆ ಎದ್ದರೆ, 800ಕ್ಕೆ ಪೂರ್ತಿ ಚೋಕ್, ಪೆಡಲ್ ಎರಡು ಸಲ ಒತ್ತಿ ಬಿಟ್ಟು ಸೆಲ್ಫ್. ಆಗಲೂ ಏಳದಿದ್ದರೆ ಕಾರ್ಬಿನ ಆಕ್ಸಿಲರೇಟರ್ ಪಂಪಿನ ಡಯಾಫ್ರಂ (ರಬ್ಬರ್ ಪೊರೆ) ಬಿಚ್ಚಿ ನೋಡಿ, ಗಟ್ಟಿಯಾಗಿರುತ್ತದೆ.